ನಕ್ಷೆಯ ಮೇಲಿನ ಆ ಚುಕ್ಕಿ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ನಮ್ಮ ಅಪಾರ್ಟ್‌ಮೆಂಟಿನ ಲೀಸ್ ಕಾಗದ ಹತ್ತಿರ ಹತ್ತಿರ ನಲವತ್ತು ಪುಟ ಇತ್ತು. ಮೊದಲ ವರ್ಷ ಎಲ್ಲರ ಹಾಗೆ ನಾನೂ ಓದದೆ ಸಹಿ ಹಾಕಿದ್ದೆ. ಎರಡನೇ ವರ್ಷವೂ ಹಾಗೇ ಹಾಕುತ್ತಾ ಹೋದೆ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬಾರದು, ಗೋಡೆಗೆ ಬೂಷ್ಟು ಹಿಡಿದರೆ ತಿಳಿಸಬೇಕು, ಹೊಗೆ ಅಲಾರಂ ಬಿಚ್ಚಬಾರದು. ಇವುಗಳ ನಡುವೆ ಒಂದು ಚಿಕ್ಕ ಪ್ಯಾರಾ: ನೋಂದಾಯಿತ ಲೈಂಗಿಕ ಅಪರಾಧಿಗಳ ಮಾಹಿತಿ ರಾಜ್ಯದ ನ್ಯಾಯ ಇಲಾಖೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಅದರ ಪಕ್ಕವೂ ಇನಿಶಿಯಲ್ ಹಾಕಿ ಪುಟ ತಿರುಗಿಸಿದೆ. ರಾತ್ರಿ ಪಾತ್ರೆ ತೊಳೆಯುವಾಗ ತಲೆಗೆ ಹೊಳೆಯಿತು, ಸಹಿ ಹಾಕಿದ್ದು ಯಾವುದಕ್ಕೆ ಅಂತ. ಮಗಳಿಗೆ ಆಗ ಐದು ವರ್ಷ.

ಕ್ಯಾಲಿಫೋರ್ನಿಯಾದಲ್ಲಿ ಮನೆಯ ಬಾಡಿಗೆ ಕರಾರಿನಲ್ಲೂ ಮಾರಾಟದ ಕರಾರಿನಲ್ಲೂ ಈ ಪ್ಯಾರಾ ಇರಲೇಬೇಕು. ಅದನ್ನು ಹಾಕಿಬಿಟ್ಟರೆ ಮಾಲೀಕರ ಕೆಲಸ ಮುಗಿಯಿತು. ಹೋಗಿ ನೋಡುವುದು ನಮಗೆ ಬಿಟ್ಟಿದ್ದು.

ಅವತ್ತೇ ನೋಡಿದೆ. ಸೈಟಿನ ಹೆಸರು ಮೇಗನ್ಸ್ ಲಾ. ಒಳಗೆ ಹೋಗುವ ಮುಂಚೆ ಉದ್ದದ ಷರತ್ತುಗಳ ಪುಟ ಬರುತ್ತದೆ. ಒಪ್ಪಿಗೆ ಅಂತ ಟಿಕ್ ಮಾಡದೆ ಮುಂದೆ ಬಿಡುವುದಿಲ್ಲ. ಅದನ್ನೂ ನಾನು ಓದಲಿಲ್ಲ. ಆಮೇಲೆ ಹೆಸರು, ವಿಳಾಸ, ಊರು, ಜಿಪ್ ಕೋಡ್, ಕೌಂಟಿ, ಯಾವುದರಿಂದ ಬೇಕಾದರೂ ಹುಡುಕಬಹುದು. ನಮ್ಮ ವಿಳಾಸ ಹಾಕಿದೆ. ನಕ್ಷೆ ತೆರೆದುಕೊಂಡಿತು, ಅಲ್ಲಲ್ಲಿ ಚುಕ್ಕಿಗಳು. ಒಂದು ಚುಕ್ಕಿ ನಮ್ಮದೇ ಕಾಂಪ್ಲೆಕ್ಸಿನಲ್ಲಿ, ಎರಡು ಬ್ಲಾಕ್ ಆಚೆ. ಒತ್ತಿದರೆ ಫೋಟೋ, ಹೆಸರು, ಎತ್ತರ, ತೂಕ, ಕಣ್ಣಿನ ಬಣ್ಣ, ತೋಳಿನ ಮೇಲಿನ ಹಚ್ಚೆ, ಮನೆ ನಂಬರ್ ಸಮೇತ ವಿಳಾಸ.

ಸ್ಕ್ರೀನ್‌ಶಾಟ್ ತೆಗೆದೆ. ಕಾಂಪ್ಲೆಕ್ಸಿನ ಅಮ್ಮಂದಿರ ವಾಟ್ಸ್‌ಆಪ್ ಗುಂಪಿಗೆ ಹಾಕಿ, ‘ನಮ್ಮಲ್ಲೇ ಇದ್ದಾನೆ, ಹುಷಾರು’ ಅಂತ ಬರೆದೆ. ಒಂದು ಗಂಟೆಯಲ್ಲಿ ಹತ್ತು ಹನ್ನೆರಡು ಜನ ಕೈ ಮುಗಿದು ಥ್ಯಾಂಕ್ಸ್ ಹೇಳಿದರು. ದೊಡ್ಡ ಉಪಕಾರ ಮಾಡಿದ ಹೆಮ್ಮೆಯಲ್ಲಿ ಮಲಗಿದೆ.

ಎರಡು ವಾರ ಕಳೆದ ಮೇಲೆ ಅಂಚೆ ಡಬ್ಬಿಗಳ ಹತ್ತಿರ ಒಬ್ಬಳು ಹುಡುಗಿ ನಿಂತಿದ್ದಳು. ಇಪ್ಪತ್ತೆಂಟು ಮೂವತ್ತು ಇರಬಹುದು, ಕಂಕುಳಲ್ಲಿ ಮಗು. ಹಿಂದೂಪುರದವಳು, ಹಾಗಾಗಿ ಕನ್ನಡ ಚೆನ್ನಾಗಿ ಬರುತ್ತಿತ್ತು. ಫೋನ್ ಮುಂದೆ ಹಿಡಿದು, “ಅಕ್ಕಾ, ಇದು ನೀವು ಹಾಕಿದ್ದಾ?” ಅಂದಳು. ನನ್ನದೇ ಸ್ಕ್ರೀನ್‌ಶಾಟ್. ಯಾರೋ ಯಾರಿಗೋ ಕಳಿಸಿ, ಸುತ್ತಿ ಸುತ್ತಿ ಅವಳಿಗೇ ತಲುಪಿತ್ತು. “ಆ ಮನೆಗೆ ನಾವು ಬಂದು ಐದು ವಾರ ಆಯ್ತು. ಲಿಫ್ಟಲ್ಲಿ ನನ್ನ ಗಂಡನ್ನ ಕಂಡ್ರೆ ಜನ ಮಕ್ಕಳನ್ನ ಹತ್ರ ಎಳ್ಕೊಳ್ತಾರೆ. ಯಾಕೆ ಅಂತ ನಮಗೆ ನಿನ್ನೆ ಗೊತ್ತಾಯ್ತು.”

ಫೋಟೋದಲ್ಲಿದ್ದವನಿಗೂ ಅವಳ ಗಂಡನಿಗೂ ಯಾವ ಹೋಲಿಕೆಯೂ ಇಲ್ಲ. ಆದರೆ ಫೋಟೋ ಯಾರು ನೋಡುತ್ತಾರೆ? ಮನೆ ನಂಬರ್ ಒಂದೇ ಎಲ್ಲರ ತಲೆಯಲ್ಲಿ ಉಳಿದಿತ್ತು. ಅಲ್ಲೇ ಕ್ಷಮೆ ಕೇಳಿದೆ, ಗುಂಪಿನಲ್ಲೂ ತಪ್ಪಾಯಿತು ಅಂತ ಹಾಕಿದೆ. ಅದಕ್ಕೆ ಬಂದ ಉತ್ತರ ಎರಡೇ ಎರಡು.

ಬುದ್ಧಿ ಬಂದದ್ದು ಆಮೇಲೆ. ಷರತ್ತುಗಳ ಪುಟಕ್ಕೆ ವಾಪಸ್ ಹೋಗಿ ಒಂದೊಂದೇ ಸಾಲು ಓದಿದೆ. ಈ ಮಾಹಿತಿ ಹಿಡಿದುಕೊಂಡು ಯಾರನ್ನಾದರೂ ಪೀಡಿಸುವುದು, ಬೆದರಿಸುವುದು ಅಪರಾಧ. ಅದನ್ನು ಬಳಸಿ ಚಿಕ್ಕ ಅಪರಾಧ ಮಾಡಿದರೂ 10,000ದಿಂದ 50,000 ಡಾಲರ್ ತನಕ ದಂಡ, ದೊಡ್ಡದು ಮಾಡಿದರೆ ಶಿಕ್ಷೆಗೆ ಇನ್ನೂ ಐದು ವರ್ಷ ಸೇರುತ್ತದೆ. ಅಪಾಯದಲ್ಲಿರುವವರನ್ನು ಕಾಪಾಡಲು ನೋಡಬಹುದು. ಅದು ಬಿಟ್ಟು ಮನೆ, ಕೆಲಸ, ಸಾಲ, ವಿಮೆ ಕೊಡಲು ಅಥವಾ ತಪ್ಪಿಸಲು ಇದನ್ನು ಬಳಸುವ ಹಾಗಿಲ್ಲ. ಪಟ್ಟಿಯಲ್ಲಿರುವ ವ್ಯಕ್ತಿಯಂತೂ ಸೈಟನ್ನು ತೆರೆಯುವಂತೆಯೇ ಇಲ್ಲ, ಅದೇ ಒಂದು ಅಪರಾಧ.

ಚುಕ್ಕಿ ಯಾಕೆ ತಪ್ಪಿತು ಅನ್ನುವುದೂ ಅರ್ಥವಾಯಿತು. ಆ ವಿಳಾಸವನ್ನು ಪೊಲೀಸರು ಮನೆ ಬಾಗಿಲಿಗೆ ಹೋಗಿ ಬರೆದುಕೊಂಡು ಬಂದದ್ದಲ್ಲ. ಪಟ್ಟಿಯಲ್ಲಿರುವ ಮನುಷ್ಯ ತಾನೇ ಠಾಣೆಗೆ ಹೋಗಿ ಹೇಳಬೇಕು. ಮನೆ ಬದಲಾಯಿಸಿದರೆ ಐದು ಕೆಲಸದ ದಿನಗಳೊಳಗೆ, ಬದಲಾಯಿಸದಿದ್ದರೂ ಪ್ರತಿ ವರ್ಷ ಹುಟ್ಟುಹಬ್ಬದ ಐದು ಕೆಲಸದ ದಿನಗಳೊಳಗೆ. ನೆಲೆಯೇ ಇಲ್ಲದವರು 30 ದಿನಕ್ಕೊಮ್ಮೆ. ಠಾಣೆಯಿಂದ ರಾಜ್ಯಕ್ಕೆ, ರಾಜ್ಯದಿಂದ ಸೈಟಿಗೆ. ಈ ಸರಪಳಿಯಲ್ಲಿ ಒಬ್ಬ ಹೇಳದಿದ್ದರೂ, ತಡ ಮಾಡಿದರೂ ಚುಕ್ಕಿ ಹಳೇ ಮನೆ ಮೇಲೆಯೇ ಕೂತಿರುತ್ತದೆ. ಅವನು ಕೊನೆಯ ಸಲ ಎಲ್ಲಿದ್ದೇನೆ ಅಂತ ಹೇಳಿದ್ದ ಅನ್ನುವುದಷ್ಟೇ ಅದರ ಅರ್ಥ.

ಇನ್ನೊಂದು ಮಾತು. ಪಟ್ಟಿಯಲ್ಲಿರುವ ಎಲ್ಲರ ವಿಳಾಸವೂ ಕಾಣುವುದಿಲ್ಲ. ಅಪರಾಧ ಯಾವುದು ಅನ್ನುವುದರ ಮೇಲೆ ಕೆಲವರ ಪೂರ್ತಿ ವಿಳಾಸ ಕಾಣುತ್ತದೆ, ಕೆಲವರ ಜಿಪ್ ಕೋಡ್ ಮಾತ್ರ, ಇನ್ನು ಕೆಲವರು ಸಾರ್ವಜನಿಕರಿಗೆ ಕಾಣುವುದೇ ಇಲ್ಲ. ಜಿಪ್ ಕೋಡ್ ಮಾತ್ರ ಇರುವವರಿಗೆ ನಕ್ಷೆಯಲ್ಲಿ ಚುಕ್ಕಿ ಬೀಳುವುದಿಲ್ಲ. ಹಾಗಾಗಿ ನಾನೀಗ ವಿಳಾಸದಿಂದ ಒಂದು ಸಲ, ಜಿಪ್ ಕೋಡಿನಿಂದ ಇನ್ನೊಂದು ಸಲ ಹುಡುಕುತ್ತೇನೆ. ನಕ್ಷೆ ಖಾಲಿ ಇದೆ ಅಂತ ನಿಟ್ಟುಸಿರು ಬಿಡುವವರು ಈ ಎರಡನೇ ಕೆಲಸ ಮಾಡಿರುವುದಿಲ್ಲ.

ಸಿಕ್ಕಿದ ಪುಟದಲ್ಲಿ ಜನ ಮುಖ ನೋಡುತ್ತಾರೆ. ನಾನು ಮೊದಲು ಅಪರಾಧದ ಸಾಲು ನೋಡುತ್ತೇನೆ, ಆಮೇಲೆ ವರ್ಷ. ಕೊನೆಯ ಶಿಕ್ಷೆ ಯಾವ ವರ್ಷ, ಬಿಡುಗಡೆ ಯಾವ ವರ್ಷ ಅಂತ ಅಲ್ಲೇ ಇರುತ್ತದೆ. 1986ರಲ್ಲಿ ಶಿಕ್ಷೆಯಾಗಿ, ಆಮೇಲೆ ಯಾವ ಕೇಸೂ ಇಲ್ಲದ ಎಪ್ಪತ್ತೈದರ ಮುದುಕನಿಗೂ, ಮೊನ್ನೆ ಮೊನ್ನೆ ಚಿಕ್ಕ ಮಗುವಿನ ಕೇಸಿನಲ್ಲಿ ಹೊರಬಂದವನಿಗೂ ನಕ್ಷೆಯಲ್ಲಿ ಒಂದೇ ಥರದ ಚುಕ್ಕಿ. ಕೆಲವರ ಪುಟದಲ್ಲಿ ಸ್ಟ್ಯಾಟಿಕ್-99ಆರ್ ಅನ್ನುವ ಒಂದು ಅಂಕವೂ ಇರುತ್ತದೆ. ವಯಸ್ಸು, ಹಿಂದಿನ ಕೇಸುಗಳು, ಬಲಿಯಾದವರು ಪರಿಚಯದವರೋ ಅಲ್ಲವೋ, ಇಂಥವನ್ನೆಲ್ಲ ಕೂಡಿಸಿ ಮತ್ತೆ ತಪ್ಪು ಮಾಡುವ ಸಾಧ್ಯತೆ ಎಷ್ಟು ಅಂತ ಅಂದಾಜಿಸುವ ಲೆಕ್ಕ ಅದು. ಇದೆಲ್ಲಕ್ಕಿಂತ ನನ್ನ ಕಣ್ಣು ನಿಲ್ಲುವುದು ‘ನಿಯಮ ಮೀರಿದ್ದಾರೆ’ ಅನ್ನುವ ಗುರುತಿನ ಮೇಲೆ. ಅಂದರೆ ಹೇಳಬೇಕಾದಾಗ ಬಂದು ಹೇಳಿಲ್ಲ, ಎಲ್ಲಿದ್ದಾನೋ ಗೊತ್ತಿಲ್ಲ. ವಿಳಾಸ ಗೊತ್ತಿರುವವನಿಗಿಂತ ಇವನ ವಿಷಯದಲ್ಲಿ ನನಗೆ ಭಯ ಜಾಸ್ತಿ.

‘ಟ್ರಾನ್ಸಿಯೆಂಟ್’ ಅಂತ ಇದ್ದರೆ ನೆಲೆಯಿಲ್ಲ ಅಂತ ಅರ್ಥ. ಅದಕ್ಕೊಂದು ಹಿನ್ನೆಲೆ ಇದೆ. 2006ರಲ್ಲಿ ಇಲ್ಲಿನ ಮತದಾರರು ಜೆಸಿಕಾಸ್ ಲಾ ಪಾಸು ಮಾಡಿದರು. ಶಾಲೆಯಿಂದ, ಪಾರ್ಕಿನಿಂದ 2,000 ಅಡಿ ಒಳಗೆ ಇಂಥವರು ಮನೆ ಮಾಡಬಾರದು ಅಂತ. ಊರೊಳಗೆ ಎಲ್ಲಿ ನಿಂತರೂ ಒಂದು ಶಾಲೆಯೋ ಪಾರ್ಕೋ ಇದ್ದೇ ಇರುತ್ತದೆ, ಅಲ್ವಾ? ಪೆರೋಲ್ ಮೇಲೆ ಇದ್ದವರು ಎಷ್ಟೋ ಜನ ಬೀದಿಗೆ ಬಿದ್ದರು. 2015ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಸ್ಯಾನ್ ಡಿಯಾಗೋ ಕೌಂಟಿಯ ಪೆರೋಲಿಗರ ಮೇಲೆ ಅದನ್ನು ಸಾರಾಸಗಟಾಗಿ ಹೇರುವುದು ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿತು. ಮಗುವಿನ ತಾಯಿಯಾಗಿ ನನಗೆ ಆ ತೀರ್ಪು ಸರಿ ಅನ್ನಿಸುತ್ತದೆ. ಮನೆ ಇರುವವನನ್ನು ಹುಡುಕಬಹುದು, ಸೇತುವೆ ಕೆಳಗೆ ಮಲಗುವವನನ್ನು ಎಲ್ಲಿ ಅಂತ ಹುಡುಕುವುದು?

ಪಟ್ಟಿಯ ಕಥೆ ಹಳೆಯದು. ಅಮೆರಿಕದಲ್ಲೇ ಮೊದಲು 1947ರಲ್ಲಿ ಇಂಥ ಪಟ್ಟಿ ಶುರು ಮಾಡಿದ ರಾಜ್ಯ ಕ್ಯಾಲಿಫೋರ್ನಿಯಾ. ಆದರೆ ಅದು ಪೊಲೀಸರ ಕಪಾಟಿನಲ್ಲಿತ್ತು. ಜನರಿಗೆ ತೆರೆದದ್ದು ಇಬ್ಬರು ಮಕ್ಕಳ ದುರಂತದಿಂದ. 1989ರಲ್ಲಿ ಮಿನ್ನೆಸೋಟದ ಹನ್ನೊಂದು ವರ್ಷದ ಜೇಕಬ್ ವೆಟರ್ಲಿಂಗ್‌ನನ್ನು ಅಪಹರಿಸಿದರು. 1994ರಲ್ಲಿ ನ್ಯೂಜೆರ್ಸಿಯ ಏಳು ವರ್ಷದ ಮೇಗನ್ ಕಾಂಕಾಳನ್ನು ಎದುರು ಮನೆಯವನೇ ಕೊಂದ. ಅವನು ಹಳೇ ಅಪರಾಧಿ, ಹುಡುಗಿಯ ಮನೆಯವರಿಗೆ ಗೊತ್ತೇ ಇರಲಿಲ್ಲ. ಅದೇ ವರ್ಷ ಜೇಕಬ್ ಹೆಸರಿನ ಕೇಂದ್ರ ಕಾನೂನು ಬಂದು ಎಲ್ಲ ರಾಜ್ಯಗಳೂ ಪಟ್ಟಿ ಮಾಡಬೇಕಾಯಿತು. 1996ರಲ್ಲಿ ಮೇಗನ್ ಹೆಸರಿನ ಕಾನೂನು ಬಂದು ಅದನ್ನು ಜನರಿಗೆ ತಿಳಿಸಬೇಕಾಯಿತು. ಆದರೂ ಇಲ್ಲಿ 2004ರ ಡಿಸೆಂಬರ್ ತನಕ ಜನ ಪೊಲೀಸ್ ಠಾಣೆಗೆ ಹೋಗಿ ಅಲ್ಲಿನ ಕಂಪ್ಯೂಟರಿನಲ್ಲಿ ಸಿ.ಡಿ. ನೋಡಬೇಕಿತ್ತು. ಒಂದು ಲೆಕ್ಕಕ್ಕೆ ಅದೇ ಚೆನ್ನಾಗಿತ್ತೇನೋ. ಠಾಣೆಯಲ್ಲಿ ಸ್ಕ್ರೀನ್‌ಶಾಟ್ ತೆಗೆಯಲು ಆಗುತ್ತಿರಲಿಲ್ಲ.

ಈಗ ನಾನು ಈ ಕೆಲಸ ಮಾಡುವುದು ನನ್ನ ಮಗಳಿಗಾಗಿ ಮಾತ್ರ ಅಲ್ಲ. ನಮ್ಮ ಕಡೆ ಭಾನುವಾರ ಒಂದು ಕನ್ನಡ ತರಗತಿ ನಡೆಯುತ್ತದೆ. ಅದರ ಸ್ವಯಂಸೇವಕರ ಕಾಗದ ಪತ್ರ ನೋಡಿಕೊಳ್ಳುವುದು ನನ್ನ ತಲೆಗೆ ಬಂದಿದೆ. ಬೇರೆ ರಾಜ್ಯದಿಂದ ಬಂದವರಿದ್ದರೆ ಕೇಂದ್ರ ನ್ಯಾಯ ಇಲಾಖೆಯ ರಾಷ್ಟ್ರೀಯ ಸೈಟ್ ತೆರೆಯುತ್ತೇನೆ. 2005ರಲ್ಲಿ ಶುರುವಾದ ಅದಕ್ಕೆ ಈಗ, ಇಂಥದ್ದೇ ಒಬ್ಬ ಅಪರಾಧಿ ಕೊಂದ ವಿದ್ಯಾರ್ಥಿನಿ ಡ್ರೂ ಶೋಡಿನ್ ಹೆಸರಿದೆ. ಅದು ತಾನಾಗಿ ಯಾವ ಪಟ್ಟಿಯನ್ನೂ ಇಟ್ಟುಕೊಂಡಿಲ್ಲ. ನಾವು ಹೆಸರು ಹಾಕಿದರೆ ಐವತ್ತು ರಾಜ್ಯಗಳ ಸೈಟುಗಳನ್ನೂ ಒಟ್ಟಿಗೆ ಕೇಳಿ ಉತ್ತರ ತರುತ್ತದೆ. ಯಾವುದೋ ರಾಜ್ಯದ ಸೈಟ್ ಆ ಹೊತ್ತಿಗೆ ಕೆಟ್ಟಿದ್ದರೆ ಅಲ್ಲಿಂದ ಉತ್ತರವೇ ಬರುವುದಿಲ್ಲ. ಅದನ್ನು ಗಮನಿಸಿ ಇನ್ನೊಂದು ದಿನ ಮತ್ತೆ ನೋಡಬೇಕು.

ನಮ್ಮ ಹೆಸರುಗಳದ್ದೇ ದೊಡ್ಡ ಪಜೀತಿ. ಶ್ರೀನಿವಾಸ ಅನ್ನುವುದನ್ನು ಇಂಗ್ಲಿಷಿನಲ್ಲಿ ಎಷ್ಟು ಥರ ಬರೆಯುತ್ತಾರೆ? ‘ಶ್ರೀ’ಗೆ ಎಚ್ ಬೇಕೋ ಬೇಡವೋ, ಇ ಒಂದೋ ಎರಡೋ, ಕೊನೆಗೆ ಎ ಇದೆಯೋ ಇಲ್ಲವೋ. ಅಪ್ಪನ ಹೆಸರು ಒಬ್ಬರಿಗೆ ಮುಂದೆ, ಒಬ್ಬರಿಗೆ ಹಿಂದೆ. ಇನಿಶಿಯಲ್ ಊರಿನದೋ ಅಪ್ಪನದೋ ಅವರಿಗೇ ಅನುಮಾನ. ಹಾಗಾಗಿ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆ ಒಂದು ಸಲ, ಲೈಸೆನ್ಸಿನಲ್ಲಿ ಇರುವ ಹಾಗೆ ಒಂದು ಸಲ ಹುಡುಕುತ್ತೇನೆ. ಇಲ್ಲಿನವರ ಹೆಸರಿನ ತೊಂದರೆ ಉಲ್ಟಾ. ಮಗಳ ಫುಟ್‌ಬಾಲ್ ಕೋಚ್ ಹೆಸರು ಹಾಕಿದರೆ ಅದೇ ಹೆಸರಿನವರು ರಾಶಿ ಬಂದರು. ಹುಟ್ಟಿದ ದಿನ, ಫೋಟೋ ಎರಡೂ ಕೂಡಿ ಬಂದರೆ ಮಾತ್ರ ಅದು ಆ ಮನುಷ್ಯ. ಹೆಸರು ಕೂಡಿದ್ದಕ್ಕೆ ಏನೂ ಬೆಲೆಯಿಲ್ಲ. ನಮ್ಮ ಕೋಚ್ ಅದರಲ್ಲಿರಲಿಲ್ಲ.

ಆದರೆ ಹೆಸರು ಹುಡುಕಿದ ಮಾತ್ರಕ್ಕೆ ತರಗತಿಯ ಕೆಲಸ ಮುಗಿಯುವುದಿಲ್ಲ. 2022ರ ಜನವರಿಯಿಂದ ಇಲ್ಲಿ ಹೊಸ ಕಾನೂನು ಇದೆ. ಮಕ್ಕಳ ಜೊತೆ ತಿಂಗಳಿಗೆ 16 ಗಂಟೆ ಅಥವಾ ವರ್ಷಕ್ಕೆ 32 ಗಂಟೆಗಿಂತ ಜಾಸ್ತಿ ಇರುವ ಸ್ವಯಂಸೇವಕರು ಲೈವ್ ಸ್ಕ್ಯಾನ್‌ನಲ್ಲಿ ಬೆರಳಚ್ಚು ಕೊಡಬೇಕು. ಮಗುವಿಗೆ ತೊಂದರೆಯಾಗಿದೆ ಅಂತ ಅನುಮಾನ ಬಂದರೆ ಏನು ಮಾಡಬೇಕು ಅನ್ನುವ ತರಬೇತಿಯೂ ಆಗಬೇಕು. ಸಾಧ್ಯವಾದಷ್ಟೂ ಮಕ್ಕಳ ಹತ್ತಿರ ಇಬ್ಬರು ದೊಡ್ಡವರು ಇರಬೇಕು.

ಇದನ್ನು ಹೇಳಿದಾಗ ನಮ್ಮ ಹಿರಿಯ ಮೇಷ್ಟ್ರಿಗೆ ಬೇಜಾರಾಯಿತು. “ಮೂವತ್ತೈದು ವರ್ಷ ಪಾಠ ಮಾಡಿದೀನಮ್ಮ, ಈಗ ನನ್ನ ಬೆರಳಚ್ಚು ಬೇಕಾ?” “ನಂದೂ ಕೊಟ್ಟಿದೀನಿ ಸರ್” ಅಂದೆ. ನಾನೇ ಕರೆದುಕೊಂಡು ಹೋದೆ. ಯಂತ್ರ ಅವರ ಹೆಬ್ಬೆರಳನ್ನು ಮೂರು ಸಲ ಒಪ್ಪಲಿಲ್ಲ, ವಯಸ್ಸಾದವರ ಬೆರಳ ಗೆರೆ ಸವೆದಿರುತ್ತದೆ. “ಸೀಮೆಸುಣ್ಣ ತಿಂದುಹಾಕಿದೆ ನೋಡಿ” ಅಂತ ಅವರೇ ನಕ್ಕರು. ಅಲ್ಲಿಂದಾಚೆಗೆ ಹೊಸಬರು ಗೊಣಗಿದರೆ ಉತ್ತರ ಕೊಡುವವರು ಅವರೇ.

ನನ್ನ ಮಟ್ಟಿಗೆ, ‘ಇಬ್ಬರು ದೊಡ್ಡವರು’ ಅನ್ನುವ ನಿಯಮಕ್ಕೆ ಇರುವ ತೂಕ ಆ ನಕ್ಷೆಗೆ ಇಲ್ಲ. ಅಮೆರಿಕದ ನ್ಯಾಯ ಇಲಾಖೆಯ 2000ದ ಒಂದು ವರದಿಯಲ್ಲಿ, ಪೊಲೀಸರ ತನಕ ಬಂದ ಮಕ್ಕಳ ಕೇಸುಗಳಲ್ಲಿ ಅಪರಿಚಿತರು ಮಾಡಿದ್ದು ಶೇ. 7 ಮಾತ್ರ. ಉಳಿದವರು ಮನೆಯವರು, ಪರಿಚಯದವರು. ಪಟ್ಟಿಯಲ್ಲಿರುವುದು ಸಿಕ್ಕಿಬಿದ್ದು ಶಿಕ್ಷೆಯಾದವರು.

ಹೋದ ಬೇಸಿಗೆಯಲ್ಲಿ ತಿಪಟೂರಿನಿಂದ ಅಮ್ಮ ಬಂದಿದ್ದಳು. ನಾನು ಲ್ಯಾಪ್‌ಟಾಪಿನಲ್ಲಿ ಇದನ್ನೇ ನೋಡುತ್ತಿದ್ದೆ, ಅವಳು ಪಕ್ಕದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. “ನಮ್ಮ ಕಡೆ ಹೀಗೆಲ್ಲ ಇದೆಯೇನೇ?” ಅಂದಳು. ಇದೆ, ಆದರೆ ನಮಗಲ್ಲ ಅಂದೆ. 2018ರ ಸೆಪ್ಟೆಂಬರಿನಲ್ಲಿ ಕೇಂದ್ರ ಗೃಹ ಇಲಾಖೆ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ಪಟ್ಟಿ ಶುರು ಮಾಡಿತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ (ಎನ್‌ಸಿಆರ್‌ಬಿ) ಅದನ್ನು ನೋಡಿಕೊಳ್ಳುತ್ತದೆ, ಪೊಲೀಸರು ತನಿಖೆಗೆ ಬಳಸುತ್ತಾರೆ. ಬೆಂಗಳೂರಿನಲ್ಲಿ ಮನೆ ಹುಡುಕುವವರು ಅದನ್ನು ತೆರೆದು ನೋಡುವ ಹಾಗಿಲ್ಲ.

“ನಮಗೆ ಯಾವ ಪಟ್ಟಿ ಇತ್ತು ಬಿಡು” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಮೂಲೆ ಮನೆಗೆ ಒಬ್ಬೊಬ್ಬರೇ ಹೋಗ್ಬೇಡಿ ಅಂತಿದ್ನಲ್ಲ, ಜ್ಞಾಪಕ ಇದೆಯಾ?” ಜ್ಞಾಪಕ ಇತ್ತು. ಆ ಮನೆಯ ಅಂಗಳದ ಸೀಬೆಮರದಲ್ಲಿ ಒಳ್ಳೇ ಹಣ್ಣು ಬಿಡುತ್ತಿತ್ತು. ನಾಯಿ ಕಚ್ಚುತ್ತೆ ಅಂತ ಕಾರಣ ಹೇಳುತ್ತಿದ್ದಳು. ಆ ಮನೆಯಲ್ಲಿ ನಾಯಿ ಇದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. “ನಿಂಗೆ ಯಾರು ಹೇಳಿದ್ರಮ್ಮ?” “ನಮ್ಮತ್ತೆ. ಅವರಿಗೆ ಯಾರು ಹೇಳಿದ್ರೋ.”

ಯಾರು ಆ ಮನುಷ್ಯ ಅಂತ ಕೇಳಿದೆ. ಸತ್ತು ಹದಿನೈದು ವರ್ಷವಾಗಿರುವವನ ಹೆಸರು ಹೇಳುವ ಮುಂಚೆ ಅಮ್ಮ ಒಮ್ಮೆ ಬಾಗಿಲ ಕಡೆ ನೋಡಿದಳು.