ಅಮೇರಿಕಾದಾಗ ಜ್ವಾಲಾಮುಖಿ ಗುಡ್ಡಕ್ಕ ಹೋಗಾವ್ರು ಮೊದ್ಲ ಗುಡ್ಡ ಯಾರ್ದು ಅಂತ ಕೇಳ್ರಿ

ಬ್ಯಾಸಿಗಿ ಬಂತಂದ್ರ ನಮ್ಮ ಹುಬ್ಬಳ್ಳಿ ವಿದ್ಯಾನಗರದಾಗ ಒಂದಿಲ್ಲೊಂದು ಮನಿಯವ್ರು ಮಗನ ಕಡೆ, ಮಗಳ ಕಡೆ ಅಂತ ಕ್ಯಾಲಿಫೋರ್ನಿಯಾಕ್ಕ ಹೊಂಡ್ತಾರ, ನಾ ಅಲ್ಲೆ ಆರು ವರ್ಷ ಇದ್ದು ಬಂದಾಂವ ಅಂತ ಗೊತ್ತಿರೂದಕ್ಕ "ತಮ್ಮಾ, ಅಲ್ಲೆ ಅಡ್ಯಾಡಾಕ ಎಲ್ಲಿ ಹೋಗೂದೋ" ಅಂತ ಕೇಳ್ತಾರ. ಮಾಲ್ ಬಿಡ್ರಿ, ಓಕ್‌ಲ್ಯಾಂಡ್ ಊರಿನ ಮ್ಯಾಲೆ ಗುಡ್ಡದಾಗ ಸಿಬ್ಲಿ ವೋಲ್ಕ್ಯಾನಿಕ್ ರೀಜನಲ್ ಪ್ರಿಸರ್ವ್ ಅಂತ ಐತಿ, ಹಳೇ ಜ್ವಾಲಾಮುಖಿ ಗುಡ್ಡ ಕಾಯ್ದಿಟ್ಟ ಜಾಗಾ, ಅಲ್ಲಿ ಹೋಗ್ರಿ ಅಂತೀನಿ. ಜ್ವಾಲಾಮುಖಿ ಅಂದಕೂಡ್ಲೆ ಒಬ್ರು ಮಾವಶಿ ಮಾರಿ ಸಣ್ಣದು ಮಾಡಿದ್ರು. ಅಂಜಬ್ಯಾಡ್ರಿ, ಅದು ಉಗುಳಿ ಹತ್ರತ್ರ ಒಂದು ಕೋಟಿ ವರ್ಷ ಆತು.

ಅಲ್ಲಿ ಇರೋ ಹುಡುಗ್ರಿಗೂ ಸುದ್ದಾ ತಿಳೀದ ವಿಷಯ ಒಂದೈತಿ. ನಮ್ಮಲ್ಲೆ ಕಪ್ಪತಗುಡ್ಡ ಅಂದ್ರ ಅರಣ್ಯ ಇಲಾಖೆ, ಮುಗೀತು. ಅಲ್ಲೆ ಹಂಗಲ್ಲ, ಒಂದು ಗುಡ್ಡ ಕೇಂದ್ರ ಸರ್ಕಾರದ್ದು, ಅದರ ಮಗ್ಗಲದ್ದು ರಾಜ್ಯದ್ದು, ಇನ್ನೊಂದು ಊರಿಂದು, ಮತ್ತ ನಡುವ ಸುತ್ತಿನ ಊರವ್ರು ಕೂಡಿ ಮಾಡಿಕೊಂಡ ರೀಜನಲ್ ಪಾರ್ಕ್ ಡಿಸ್ಟ್ರಿಕ್ಟ್ ಅನ್ನೂದೊಂದು ಇರ್ತೈತಿ, ಫೀ ಎಷ್ಟು, ನಾಯಿ ಒಯ್ಬಹುದೋ ಇಲ್ಲೋ ಅನ್ನೂದೆಲ್ಲಾ ಅದರ ಮ್ಯಾಲ. ಸಿಬ್ಲಿ ಇರೂದು ಈಸ್ಟ್ ಬೇ ರೀಜನಲ್ ಪಾರ್ಕ್ ಡಿಸ್ಟ್ರಿಕ್ಟಿನ ಕೈಯಾಗ. 1934ರಾಗ ಅಲ್ಲಿ ಜನಾ ವೋಟ್ ಹಾಕಿ ಮಾಡಿಕೊಂಡದ್ದು ಅದು, ಮನಿ ಟ್ಯಾಕ್ಸಿನ್ಯಾಗ ಒಂದು ಪಾಲು ಅದಕ್ಕ ಹೋಗ್ತೈತಿ, ಅದನ್ನ ನಡಸಾವ್ರನ್ನೂ ಎಲೆಕ್ಷನ್ ಮಾಡೇ ಆರಿಸ್ತಾರ. ಹಿಂಗಾಗಿ ಸಿಬ್ಲಿಗೆ ಟಿಕೆಟ್ ಇಲ್ಲ, ಪಾರ್ಕಿಂಗಿಗೂ ದುಡ್ಡಿಲ್ಲ, ನಾಯೀನೂ ಒಯ್ಬಹುದು.

ಅದ ನೀವು ಉತ್ತರಕ್ಕ ನಾಕ್ ತಾಸು ಗಾಡಿ ಹೊಡದು ಲಾಸನ್ ಅನ್ನೋ ಜ್ವಾಲಾಮುಖಿ ಗುಡ್ಡಕ್ಕ ಹೋದ್ರ ಅದು ನ್ಯಾಷನಲ್ ಪಾರ್ಕು, ಕೇಂದ್ರದ್ದು. ನಾ ಇದ್ದಾಗ ಬ್ಯಾಸಿಗ್ಯಾಗ ಕಾರಿಗೆ 30 ಡಾಲರ್, ಅದು ಏಳು ದಿನ ನಡೀತಿತ್ತು. ನಾಯಿ ಅಲ್ಲೆ ರಸ್ತೆ, ಪಾರ್ಕಿಂಗ್, ಕ್ಯಾಂಪ್ ಬಿಟ್ಟು ಟ್ರೇಲಿನ್ಯಾಗ ಕಾಲಿಡಂಗಿಲ್ಲ. ಲಾಸನ್ ಖರೇನ ಬಿಸಿ ಐತಿ, 1914ರಿಂದ 1917ರ ತನಕಾ ಸಿಡದದ್ದು, ಈಗೂ ಬಂಪಸ್ ಹೆಲ್ ಅನ್ನೋ ಜಾಗಾದಾಗ ಕೆಸರು ಕೊತಕೊತ ಕುದೀತೈತಿ, ಹಲಗಿ ಹಾದಿ ಬಿಟ್ಟು ಕೆಳಗ ಇಳಿಯಬ್ಯಾಡ್ರಿ, ಮ್ಯಾಲೆ ಗಟ್ಟಿ ಕಂಡ್ರೂ ತೆಳ್ಳನ ಪದರ ಅದು. ಬಂಪಸ್ ಅನ್ನಾಂವನ ಕಾಲು ಅಲ್ಲೇ ಸುಟ್ಟದ್ದಕ್ಕ ಆ ಹೆಸರು. ಹಿಮಾ ಇರೂದ್ರಿಂದ ರಸ್ತೆ ಜೂನ್ ಜುಲೈ ತನಕಾ ಬಂದ್ ಇರ್ತೈತಿ, ಮೇ ತಿಂಗಳದಾಗ ಅಪ್ಪ ಅವ್ವನ್ನ ಕೂಡಿಸ್ಕೊಂಡು ಹೋಗಿ ಗೇಟ್ ನೋಡಿ ಬರಬ್ಯಾಡ್ರಿ.

ಸಿಬ್ಲಿಗೆ ಮತ್ತ ಬರೂಣು, ನನಗ ವಯಸ್ಸಾದವ್ರ ಜೋಡಿ ಹೋಗಾಕ ಇದ ಛಲೋ ಅನಸ್ತೈತಿ. ರೌಂಡ್ ಟಾಪ್ ಅನ್ನೋ ನೆತ್ತಿ 1,763 ಅಡಿ ಅಷ್ಟ, ಅದರಾಗೂ ಕಾರ್ ಗುಡ್ಡದ ಮ್ಯಾಲಿನ ಪಾರ್ಕಿಂಗ್ ತನಕಾ ಹೋಗ್ತೈತಿ, ಅಲ್ಲಿಂದ ನೆತ್ತಿಗೆ ನಡದ ಹೋಗಬೇಕು. ನೀರು, ಟಾಯ್ಲೆಟ್ ಪಾರ್ಕಿಂಗ್ ಹತ್ರಾನ ಅದಾವು, ಮುಂದ ಸಿಗಂಗಿಲ್ಲ. ಅಲ್ಲೇ ನಕಾಶಿ ತಗೊಂಡು ನಂಬರ್ ಹಾಕಿದ ಕಂಬ ಹಿಡ್ಕೊಂಡು ಹೋದ್ರ ಜ್ವಾಲಾಮುಖಿ ಒಳಗಿನ ಭಾಗ ಕಾಣಸ್ತೈತಿ, ಯಾಕಂದ್ರ ಭೂಮಿ ಒತ್ತಡಕ್ಕ ಇಡೀ ಗುಡ್ಡ ಮಗ್ಗಲಕ್ಕ ಮಲಗೇತಿ, ಮ್ಯಾಲೆ ಕಲ್ಲಿನ ಕ್ವಾರಿಯವ್ರು ಬ್ಯಾರೆ ಕಡದಿಟ್ಟಾರ. ಹಳೇ ಕ್ವಾರಿ ತೆಗ್ಗಿನ್ಯಾಗ ಯಾರೋ ಕಲ್ಲು ಜೋಡಿಸಿ ಸುತ್ತುವ ಹಾದಿ ಮಾಡ್ಯಾರ, ನಾ ಅಪ್ಪ ಅವ್ವನ್ನ ಕರಕೊಂಡು ಹೋದಾಗ ಅವ್ವ ಅದನ್ನ ಪ್ರದಕ್ಷಿಣಿ ಅಂತ ತಿಳ್ಕೊಂಡು ಚಪ್ಪಲಿ ಬಿಟ್ಟು ನಡದ್ಲು.

ಅಲ್ಲೆ ಅಪ್ಪಾರು ಒಂದು ಕರೇ ಕಲ್ಲು ಎತ್ತಿ ಸ್ವೆಟರ್ ಕಿಸೇದಾಗ ಇಟ್ಕೊಂಡ್ರು. ಗುಳ್ಳಿ ಗುಳ್ಳಿ ತೂತು, ತೂತಿನ್ಯಾಗ ಬಿಳೇದು ತುಂಬಿತ್ತು, ಸಾಬೂದಾನಿ ಅಂಟಿಸಿದಂಗ. ತುಳಸಿ ಕಟ್ಟಿ ಮುಂದ ಇಡ್ತೀನಿ ಅಂದ್ರು. ಕಲ್ಲು, ಹೂವು, ಗಿಡದ ಟೊಂಗಿ ಏನೂ ಒಯ್ಯಂಗಿಲ್ಲರೀ ಅಂದೆ. ಸುತ್ತ ನೋಡಿದ್ರು, ಪೊಲೀಸ್ ಇಲ್ಲ, ವಾಚ್‌ಮನ್ ಇಲ್ಲ, "ಯಾರ್ ನೋಡ್ತಾರೋ" ಅಂದ್ರು, ಆಮ್ಯಾಲ ಸಿಟ್ಟಿಲೇ ತಗದು ಇದ್ದಲ್ಲೇ ಇಟ್ರು. ಅಲ್ಲಿ ಪದ್ಧತಿ ಹಂಗ ಐತಿ, ಗೇಟಿನ್ಯಾಗ ಇರೂದು ಬೋರ್ಡ್ ಒಂದ, ಓದೂದು ನಮ್ಮ ಜವಾಬ್ದಾರಿ.

ಪಾಯಿಸನ್ ಓಕ್ ಅಂತ ಒಂದು ಗಿಡ ಐತಿ, ಮೂರು ಮೂರು ಎಲಿ ಕೂಡಿರ್ತಾವು, ಮುಟ್ಟಿದ್ರ ಅದರ ಎಣ್ಣಿಗೆ ಮೈಯೆಲ್ಲಾ ತುರಿಕಿ. ಥಂಡಿ ದಿನದಾಗ ಎಲಿ ಉದುರಿದ್ರೂ ಬರೇ ಕಡ್ಡಿ ಮುಟ್ಟಿದ್ರೂ ಹತ್ತತೈತಿ, ತಡಾ ಮಾಡದ ಸಾಬೂನು ಹಚ್ಚಿ ತೊಳೀರಿ. ರ್‍ಯಾಟಲ್ ಸ್ನೇಕ್ ಅನ್ನೋ ವಿಷದ ಹಾವು ಕಂಡ್ರ ದೂರ ನಿಂತು ಹಾದಿ ಬಿಡ್ರಿ. ಪಾರ್ಕ್ ಡಿಸ್ಟ್ರಿಕ್ಟಿನವ್ರ ಭಾಳ ಗುಡ್ಡದಾಗ ದನಾನೂ ಮೇಯಿಸ್ತಾರ, ಹುಲ್ಲು ಕಮ್ಮಿ ಆದ್ರ ಬೆಂಕಿ ಅಂಜಿಕಿ ಕಮ್ಮಿ ಅಂತ, ಹಾದ್ಯಾಗ ಗೇಟ್ ಬಂದ್ರ ದಾಟಿದ ಮ್ಯಾಲ ಮತ್ತ ಹಾಕ್ರಿ, ಕರಾ ಇದ್ದ ಆಕಳ ಹತ್ರ ನಮಸ್ಕಾರ ಮಾಡಾಕ ಹೋಗಬ್ಯಾಡ್ರಿ. ರೆಡ್ ಫ್ಲ್ಯಾಗ್ ದಿನಾ, ಅಂದ್ರ ಒಣಾ ಗಾಳಿ ಬೀಸಿ ಬೆಂಕಿ ಬೀಳೂ ದಿನಾ, ಪಾರ್ಕ್ ಬಂದ್ ಮಾಡಬಹುದು, ಮನಿ ಬಿಡೂಕಿಂತ ಮೊದ್ಲ ನೋಡ್ರಿ.

ಕಾರಿನ್ಯಾಗ ಕಾಣೂ ಹಂಗ ಏನೂ ಇಡಬ್ಯಾಡ್ರಿ. ಬ್ಯಾರೆ ಒಂದು ಗುಡ್ಡದ ಕೆಳಗ ನಮ್ಮ ಕಾರಿನ ಕಾಚು ಒಡದು ಹಿಂದಿನ ಸೀಟಿನ ಬ್ಯಾಗ್ ಒಯ್ದ್ರು, ಅದರಾಗ ಇದ್ದದ್ದು ಎಂಟು ಕಟಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ. ಕಾಚಿನ ದುಡ್ಡಿಗಿಂತ ಅವ್ವಗ ಹಿಂಡಿ ಹೋದದ್ದ ದೊಡ್ಡದಾತು.