2027ರ ಮೇ 1ಕ್ಕೆ ಮೊದಲು ಬಂದೂಕು ಕೊಳ್ಳಬೇಕೆಂದಿರುವ ವಾಷಿಂಗ್ಟನ್ ರಾಜ್ಯದ ಹೊಸಬರಿಗೆ

2027ರ ಮೇ 1ರಿಂದ ವಾಷಿಂಗ್ಟನ್ ರಾಜ್ಯದಲ್ಲಿ ಬಂದೂಕು ಕೊಳ್ಳಲು ಪರ್ಮಿಟ್ ಬೇಕು. 2025ರ ಮೇ ತಿಂಗಳಲ್ಲಿ ಗವರ್ನರ್ ಬಾಬ್ ಫರ್ಗುಸನ್ ಸಹಿ ಹಾಕಿದ ಹೌಸ್ ಬಿಲ್ 1163 ಈ ನಿಯಮವನ್ನು ತಂದಿದೆ. ಬೆರಳಚ್ಚು ಕೊಟ್ಟು, ಗುಂಡು ಹಾರಿಸುವ ಅಭ್ಯಾಸವೂ ಸೇರಿದ ತರಬೇತಿ ಮುಗಿಸಿ, ರಾಜ್ಯದ ಪೊಲೀಸ್ ಇಲಾಖೆಯಾದ ಸ್ಟೇಟ್ ಪ್ಯಾಟ್ರೋಲ್‌ಗೆ ಅರ್ಜಿ ಹಾಕಬೇಕು. ಪರ್ಮಿಟ್ 5 ವರ್ಷ ನಡೆಯುತ್ತದೆ. ಈಗಾಗಲೇ ಮನೆಯಲ್ಲಿರುವ ಬಂದೂಕಿಗೆ ಇದು ಬೇಡ, ಹೊಸದಾಗಿ ಕೊಳ್ಳುವುದಕ್ಕೆ ಮಾತ್ರ. ಅದಕ್ಕೇ ಅಷ್ಟರೊಳಗೆ ತಂದುಬಿಡೋಣ ಎನ್ನುವವರು ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್ ಕಡೆಯ ನಮ್ಮವರಲ್ಲೂ ಇದ್ದಾರೆ.

ಅಂಗಡಿಗೆ ಹೋಗುವ ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ. ಎಚ್-1ಬಿ, ಎಚ್-4, ಎಲ್-1, ಎಫ್-1, ಬಿ-2, ಇವುಗಳಲ್ಲಿ ಯಾವುದರ ಮೇಲೆ ಬಂದಿದ್ದರೂ ಕೇಂದ್ರ ಕಾನೂನಿನ ಪ್ರಕಾರ ಬಂದೂಕು ಕೊಳ್ಳುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಅಪರಾಧ. ಶೂಟಿಂಗ್ ರೇಂಜಿನಲ್ಲಿ ಬಾಡಿಗೆಗೆ ತೆಗೆದುಕೊಂಡು ಹತ್ತು ಗುಂಡು ಹಾರಿಸಿದರೂ ಅದು 'ಇಟ್ಟುಕೊಂಡ' ಲೆಕ್ಕವೇ. ವಾರಾಂತ್ಯದ ಮೋಜು ಎಂದುಕೊಂಡು ಹೋಗುವವರಿಗೆ ಇದು ತಿಳಿದಿರುವುದಿಲ್ಲ. ಗ್ರೀನ್ ಕಾರ್ಡ್ ಅರ್ಜಿ (ಐ-485) ಹಾಕಿ ಕೆಲಸದ ಪರವಾನಗಿ (ಇಎಡಿ) ಕೈಗೆ ಬಂದ ಮಾತ್ರಕ್ಕೆ ಗ್ರೀನ್ ಕಾರ್ಡ್ ಬಂದಂತಾಗುವುದಿಲ್ಲ.

ಒಂದು ವಿನಾಯಿತಿ ಇದೆ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ವಾಷಿಂಗ್ಟನ್‌ನಲ್ಲಿ 1972ರ ಜನವರಿ 1ರ ನಂತರ ಹುಟ್ಟಿದವರಿಗೆ ಆ ಲೈಸೆನ್ಸ್ ಸಿಗಬೇಕಾದರೆ ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿರಬೇಕು. ಇಷ್ಟಾದರೂ ಸಾಲದು. ನಾಗರಿಕರೂ ಅಲ್ಲದ, ಗ್ರೀನ್ ಕಾರ್ಡೂ ಇಲ್ಲದ ನಿವಾಸಿಗಳು ಕೌಂಟಿ ಶೆರಿಫ್ ಕೊಡುವ ಏಲಿಯನ್ ಫೈರ್‌ಆರ್ಮ್ ಲೈಸೆನ್ಸನ್ನೂ ಪಡೆಯಬೇಕೆಂದು ಈ ರಾಜ್ಯದ ಕಾನೂನು ಹೇಳುತ್ತದೆ. ಬಂದೂಕಿನ ಅಪರಾಧ ಸಾಬೀತಾದರೆ ಗಡೀಪಾರಿಗೆ ಅದೊಂದೇ ಕಾರಣ ಸಾಕು. ಗ್ರೀನ್ ಕಾರ್ಡ್ ಇದ್ದವರನ್ನೂ ಬಿಡುವುದಿಲ್ಲ. ವರ್ಷಗಟ್ಟಲೆ ಸರದಿಯಲ್ಲಿ ಕಾದವರು ಒಂದು ಪಿಸ್ತೂಲಿಗಾಗಿ ಅದನ್ನು ಪಣಕ್ಕಿಡಬೇಡಿ. ಗ್ರೀನ್ ಕಾರ್ಡ್ ಬರುವವರೆಗೆ ಕಾಯುವುದೇ ಸರಿ; ಮೇ 1 ದಾಟಿದರೆ ಪರ್ಮಿಟ್ ತೆಗೆದುಕೊಂಡು ಕೊಂಡರಾಯಿತು. ಕೊಡಗಿನವರಿಗೂ ಒಂದು ಮಾತು: ಊರಿನಲ್ಲಿ ಕೋವಿಗೆ ಇರುವ ಲೈಸೆನ್ಸ್ ವಿನಾಯಿತಿ ಭಾರತದ ಶಸ್ತ್ರಾಸ್ತ್ರ ಕಾಯ್ದೆಯದು, ಇಲ್ಲಿ ಅದು ನಡೆಯುವುದಿಲ್ಲ.

"ನಿಮ್ಮ ಹೆಸರಲ್ಲಿ ತಗೊಳ್ಳಿ ಅಣ್ಣ, ದುಡ್ಡು ನಾನು ಕೊಡ್ತೀನಿ" ಎಂದು ಸಿಟಿಜನ್ ಆಗಿರುವ ಗೆಳೆಯರನ್ನು ಯಾರೂ ಕೇಳಬಾರದು. ಕೇಳಿದರೆ ಆ ಗೆಳೆಯರು ಒಪ್ಪಲೂಬಾರದು. ಇದು ಸ್ಟ್ರಾ ಪರ್ಚೇಸ್. 2022ರ ಕೇಂದ್ರ ಕಾನೂನಿನಲ್ಲಿ 15 ವರ್ಷದವರೆಗೆ ಜೈಲು ಶಿಕ್ಷೆ ಇದೆ.

ಇನ್ನು ನಾಗರಿಕರಾದವರು, ಗ್ರೀನ್ ಕಾರ್ಡ್ ಇದ್ದವರು. ಪಿಸ್ತೂಲಿಗೂ ಸೆಮಿ-ಆಟೊಮ್ಯಾಟಿಕ್ ರೈಫಲ್‌ಗೂ 21 ತುಂಬಿರಬೇಕು. ಎಆರ್-15 ಮಾದರಿಯ ಸೆಮಿ-ಆಟೊಮ್ಯಾಟಿಕ್ ರೈಫಲ್ಲುಗಳ ಮಾರಾಟ 2023ರ ಏಪ್ರಿಲ್ 25ರಿಂದಲೇ ನಿಂತಿದೆ. 10 ಗುಂಡಿಗಿಂತ ಹೆಚ್ಚು ಹಿಡಿಯುವ ಮ್ಯಾಗಜೀನ್‌ಗಳ ಮಾರಾಟ ಅದಕ್ಕೂ ಹಿಂದೆ, 2022ರ ಜುಲೈ 1ರಿಂದ ಬಂದ್. ಹೊರರಾಜ್ಯದಿಂದ ಆನ್‌ಲೈನ್‌ನಲ್ಲಿ ತರಿಸುವವರು 10 ಗುಂಡಿನ ಮ್ಯಾಗಜೀನ್ ಇರುವ ಮಾದರಿಯನ್ನೇ ಕೇಳಿ. ಆನ್‌ಲೈನ್‌ನಲ್ಲಿ ಕೊಂಡದ್ದು ಮನೆಗೆ ಬರುವುದಿಲ್ಲ, ಲೈಸೆನ್ಸ್ ಇರುವ ಸ್ಥಳೀಯ ಅಂಗಡಿಗೆ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಡವುವುದು ದಿನದ ಲೆಕ್ಕದಲ್ಲಿ. ಹಣ ಕಟ್ಟಿದ ದಿನವನ್ನು ನಂಬಬೇಡಿ, ಬಂದೂಕು ಕೈಗೆ ಬರುವ ದಿನವನ್ನು ಹಿಡಿದು ಹಿಂದಕ್ಕೆ ಎಣಿಸಿ. 2024ರ ಜನವರಿ 1ರಿಂದ ಹಿನ್ನೆಲೆ ಪರಿಶೀಲನೆಗೆ ಕೋರಿದ ಮೇಲೆ 10 ಕೆಲಸದ ದಿನ ಕಾಯಲೇಬೇಕು. ಶನಿವಾರ, ಭಾನುವಾರ, ಸರಕಾರಿ ರಜೆ ಸೇರುವುದಿಲ್ಲ. 2027ರ ಮೇ 1 ಶನಿವಾರ. ಏಪ್ರಿಲ್ 15, ಗುರುವಾರ ಅರ್ಜಿ ಹೋದರೆ ಹತ್ತನೆಯ ದಿನ ಏಪ್ರಿಲ್ 29ಕ್ಕೆ ಬೀಳುತ್ತದೆ, ಕೈಯಲ್ಲಿ ಉಳಿಯುವುದು 30 ಒಂದೇ ದಿನ. ಪರಿಶೀಲನೆ ಒಂದು ದಿನ ತಡವಾದರೂ ತಪ್ಪಿಹೋಯಿತು. ಮಾರ್ಚ್ ಮಧ್ಯದೊಳಗೆ ಅರ್ಜಿ ಹಾಕಿಬಿಡಿ.

ಹೊಸಬರಿಗೆ ಇಷ್ಟೂ ಸಾಲದು. ರಾಜ್ಯದ ಪೂರ್ಣ ಡ್ರೈವಿಂಗ್ ಲೈಸೆನ್ಸ್ ಅಥವಾ ಗುರುತಿನ ಕಾರ್ಡ್ ಇಲ್ಲದವರಿಗೆ, ಇಲ್ಲವೇ ಸತತ 90 ದಿನ ಇಲ್ಲಿ ವಾಸ ಮಾಡದವರಿಗೆ ಕಾಯುವ ಅವಧಿ 60 ದಿನದವರೆಗೆ ಎಳೆಯಬಹುದು. ಲೈಸೆನ್ಸಿಂಗ್ ಕಚೇರಿಯಲ್ಲಿ ಮೊದಲು ಕೈಗೆ ಕೊಡುವ ತಾತ್ಕಾಲಿಕ ಕಾಗದ ಪೂರ್ಣ ಲೈಸೆನ್ಸ್ ಅಲ್ಲ. ಅಂಥವರು ಫೆಬ್ರವರಿ ಮುಗಿಯುವುದರೊಳಗೆ ಅರ್ಜಿ ಹಾಕಬೇಕು. ಇದರ ಎದುರು ತಪ್ಪೂ ಇದೆ: ಒಮ್ಮೆ ಮಾಡಿದ ಕೇಂದ್ರದ ಪರಿಶೀಲನೆ 30 ದಿನ ಮಾತ್ರ ನಿಲ್ಲುತ್ತದೆ. ಆ ನಡುವೆ ಊರಿಗೆ ಹೋಗಿಬಿಟ್ಟರೆ ಮತ್ತೆ ಮೊದಲಿನಿಂದ.

ತರಬೇತಿಯ ಪ್ರಮಾಣಪತ್ರ ಈಗಲೂ ಕಡ್ಡಾಯ, ಕಳೆದ 5 ವರ್ಷದೊಳಗಿನದಾಗಿರಬೇಕು. ಸದ್ಯಕ್ಕೆ ಆನ್‌ಲೈನ್ ಕೋರ್ಸ್ ನಡೆಯುತ್ತದೆ. ಪರ್ಮಿಟ್‌ಗೆ ಗುಂಡು ಹಾರಿಸುವ ಅಭ್ಯಾಸವೂ ಬೇಕಾಗಿರುವುದರಿಂದ ಬರೀ ಆನ್‌ಲೈನ್ ಪ್ರಮಾಣಪತ್ರ ಆಗ ಸಾಲದು.

ಅಂಗಡಿಯಲ್ಲಿ ತುಂಬುವ ಫಾರ್ಮ್ 4473ರಲ್ಲಿ ನಮ್ಮ ಹೆಸರುಗಳು ತೊಡಕಾಗುತ್ತವೆ. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಕೊನೆಗೆ, ಡ್ರೈವಿಂಗ್ ಲೈಸೆನ್ಸಿನಲ್ಲಿ ಊರಿನ ಹೆಸರು, ಇನ್ನೊಂದರಲ್ಲಿ ಬರೀ ಇನಿಷಿಯಲ್ ಇದ್ದರೆ ಪರಿಶೀಲನೆ ನಿಧಾನವಾಗುತ್ತದೆ. ಮೊದಲೇ ಎಲ್ಲವನ್ನೂ ಒಂದೇ ರೀತಿ ಮಾಡಿಸಿಕೊಳ್ಳಿ. ಕಾನೂನುಬದ್ಧ ಹೆಸರಿನಲ್ಲೇ ಬರೀ ಇನಿಷಿಯಲ್ ಇದ್ದರೆ ಅದರ ನಂತರ 'ಐಒ' ಎಂದೂ, ಮಧ್ಯದ ಹೆಸರೇ ಇಲ್ಲದಿದ್ದರೆ 'ಎನ್‌ಎಂಎನ್' ಎಂದೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ವಿಳಾಸ ಈಗ ವಾಸವಿರುವ ಮನೆಯದ್ದೇ ಆಗಿರಬೇಕು, ಪೋಸ್ಟ್ ಬಾಕ್ಸ್ ನಡೆಯುವುದಿಲ್ಲ. ಅಪಾರ್ಟ್‌ಮೆಂಟ್ ಬದಲಿಸಿ ಲೈಸೆನ್ಸಿನಲ್ಲಿ ಹಳೇ ವಿಳಾಸವೇ ಉಳಿದಿದ್ದರೆ ಹೊಸ ವಿಳಾಸವಿರುವ ವಾಹನ ನೋಂದಣಿಯಂಥ ಸರಕಾರಿ ಕಾಗದ ಒಯ್ಯಿರಿ. ಗ್ರೀನ್ ಕಾರ್ಡ್ ಇದ್ದವರು ಅದರಲ್ಲಿರುವ 'ಎ' ನಂಬರನ್ನೂ ತುಂಬಬೇಕು. ಗಾಂಜಾ ಸೇರಿದಂತೆ ಮಾದಕವಸ್ತು ಬಳಕೆಯ ಬಗ್ಗೆ ಒಂದು ಪ್ರಶ್ನೆ ಇದೆ. ಈ ರಾಜ್ಯದಲ್ಲಿ ಅದು ಅಂಗಡಿಯಲ್ಲೇ ಸಿಗುತ್ತದಲ್ಲ ಎಂದುಕೊಂಡು 'ಇಲ್ಲ' ಎಂದು ಹಗುರವಾಗಿ ಟಿಕ್ ಹಾಕಬೇಡಿ, ಸುಳ್ಳು ಉತ್ತರವೂ ಕೇಂದ್ರದ ಅಪರಾಧ.

ಲಾಕರನ್ನು ಬಂದೂಕಿಗಿಂತ ಮೊದಲೇ ತಂದು ಗೋಡೆಗೋ ನೆಲಕ್ಕೋ ಬಿಗಿಸಿಡಿ. ಬಂದೂಕು ಹಿಡಿಯಬಾರದವರ ಕೈಗೆ ಅದು ಸಿಕ್ಕಿ ಯಾರಿಗಾದರೂ ಗಾಯವಾದರೆ, ಬೀಗ ಹಾಕದೆ ಬಿಟ್ಟ ಮಾಲೀಕರ ಮೇಲೆ ಈ ರಾಜ್ಯದಲ್ಲಿ ಫೆಲನಿ, ಅಂದರೆ ಗಂಭೀರ ಅಪರಾಧದ ಕೇಸು ಬೀಳುತ್ತದೆ. ಹಿಡಿಯಬಾರದವರು ಎಂದರೆ ಮಕ್ಕಳಷ್ಟೇ ಅಲ್ಲ. ಬಿ-2 ವೀಸಾದಲ್ಲಿ ಆರು ತಿಂಗಳಿಗೆ ಬಂದಿರುವ ಅಪ್ಪ-ಅಮ್ಮ, ಎಚ್-1ಬಿಯಲ್ಲಿರುವ ತಮ್ಮ, ಇನ್ನೂ ಗ್ರೀನ್ ಕಾರ್ಡ್ ಬಾರದ ಹೆಂಡತಿ ಅಥವಾ ಗಂಡ, ಇವರೂ ಅದರಲ್ಲಿ ಸೇರುತ್ತಾರೆ. ಲಾಕರಿನ ಕೀಲಿ ಇವರಿಗೆ ಸಿಗಬಾರದು, ಸಂಖ್ಯೆಯ ಬೀಗವಾದರೆ ಆ ಸಂಖ್ಯೆ ಗೊತ್ತಿರಬಾರದು. ಗುಂಡುಗಳನ್ನು ಬೇರೆ ಪೆಟ್ಟಿಗೆಯಲ್ಲಿ ಬೀಗ ಹಾಕಿಡಿ.