ಸ್ಪೈವೇರ್ ತೆಗೆಯಲು ಟೂಲ್ ಸಾಕೇ, ಕೈಯೇ ಬೇಕೇ? ನನ್ನ ಅನುಭವ

ಲಗ್ನಪತ್ರಿಕೆ ಅಚ್ಚು ಹಾಕುವವರ ಕಂಪ್ಯೂಟರ್ ಅದು, ನನ್ನ ಅಂಗಡಿಗೆ ರಿಪೇರಿಗೆ ಬಂದಿತ್ತು. ಮದುವೆ ಸೀಸನ್. ಬ್ರೌಸರ್ ತೆರೆದರೆ ಗೊತ್ತಿಲ್ಲದ ಸರ್ಚ್ ಪುಟ, ಮೂಲೆಯಲ್ಲಿ ಒಂದರ ಮೇಲೊಂದು ಜಾಹೀರಾತು. “ಸಂಜೆಯೊಳಗೆ ಕೊಟ್ಬಿಡಪ್ಪ, ಪಾರ್ಟಿಯವರು ಪ್ರೂಫ್‌ಗೆ ಕಾಯ್ತಿದ್ದಾರೆ” ಅಂದರು ಯಜಮಾನರು. ಸ್ಪೈವೇರ್, ಅಂದರೆ ನಮಗೆ ತಿಳಿಯದಂತೆ ಒಳಸೇರಿ ಬೇಹು ನಡೆಸುವ ಪ್ರೋಗ್ರಾಂಗಳನ್ನು ಹುಡುಕಿ ತೆಗೆಯುವ ಸ್ಕ್ಯಾನರ್ ಟೂಲ್ ಓಡಿಸಿದೆ. ಉದ್ದನೆಯ ಕೆಂಪು ಪಟ್ಟಿ ಬಂತು. ಅದನ್ನು ಓದದೆ, ಎಲ್ಲಕ್ಕೂ ಟಿಕ್ ಹಾಕಿ ತೆಗೆದುಬಿಟ್ಟೆ.

ಮರುದಿನ ಬೆಳಿಗ್ಗೆಯೇ ಫೋನ್. “ಕನ್ನಡ ಟೈಪೇ ಆಗ್ತಿಲ್ಲ ಕಣಪ್ಪ. ಆ ದರಿದ್ರ ಪುಟ ಮಾತ್ರ ಹಾಗೇ ಇದೆ.”

ಇರಬೇಕಾದ್ದು ಹೋಗಿತ್ತು, ಹೋಗಬೇಕಾದ್ದು ಉಳಿದಿತ್ತು. ಎರಡಕ್ಕೂ ಕಾರಣ ಹುಡುಕಿದ ಆ ದಿನವೇ ನನ್ನ ಕೆಲಸದ ಕ್ರಮ ಬದಲಾಯಿತು.

ಮೊದಲು ಕನ್ನಡದ ವಿಷಯ. ನಮ್ಮ ಹಳೆಯ ಕೀಲಿಮಣೆ ತಂತ್ರಾಂಶಗಳು ಹಿನ್ನೆಲೆಯಲ್ಲಿ ಕೂತು, ನಾವು ಒತ್ತಿದ ಪ್ರತಿ ಕೀಲಿಯನ್ನೂ ನಡುವೆಯೇ ಹಿಡಿದು ಕನ್ನಡ ಅಕ್ಷರ ಮಾಡಿ ಮುಂದಕ್ಕೆ ಕಳಿಸುತ್ತವೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಕೀಲಿಗಳನ್ನು ಹಿಡಿಯುವುದು ಹೀಗೆಯೇ. ನಡವಳಿಕೆ ನೋಡಿ ಅನುಮಾನಿಸುವ ಸ್ಕ್ಯಾನರ್‌ಗೆ, ತಯಾರಕರ ಗುರುತು ಹೇಳುವ ಡಿಜಿಟಲ್ ಸಹಿಯೂ ಇಲ್ಲದ ಇಂಥ ಪ್ರೋಗ್ರಾಂ ಕಳ್ಳನ ಹಾಗೇ ಕಾಣುತ್ತದೆ. ಪುಣ್ಯಕ್ಕೆ ಸ್ಕ್ಯಾನರ್ ಅದನ್ನು ಅಳಿಸಿರಲಿಲ್ಲ, ಕ್ವಾರಂಟೈನ್‌ನಲ್ಲಿ, ಅಂದರೆ ಓಡದಂತೆ ಬೇರೆಯಾಗಿ ಇಟ್ಟಿತ್ತು. ಅಲ್ಲಿಂದ ವಾಪಸ್ ತಂದು, ಮುಂದೆ ಮುಟ್ಟದಂತೆ ವಿನಾಯಿತಿ ಪಟ್ಟಿಗೆ ಸೇರಿಸಿದೆ.

ಇನ್ನು ಆ ಸರ್ಚ್ ಪುಟ. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಆಟೋರನ್ಸ್ ತೆರೆದೆ. ಕಂಪ್ಯೂಟರ್ ಶುರುವಾಗುವಾಗ ತಾನಾಗಿ ಎದ್ದು ಕೂರುವುದನ್ನೆಲ್ಲ ಅದು ಒಂದೇ ಕಡೆ ತೋರಿಸುತ್ತದೆ. ಮೈಕ್ರೋಸಾಫ್ಟ್‌ನವನ್ನು ಮರೆಮಾಡಿದರೆ ಪಟ್ಟಿ ಚಿಕ್ಕದಾಗುತ್ತದೆ. ಶೆಡ್ಯೂಲ್ಡ್ ಟಾಸ್ಕ್ (ಮೊದಲೇ ಗೊತ್ತುಮಾಡಿದಂತೆ ತಾನಾಗಿ ಓಡುವ ಕೆಲಸ) ವಿಭಾಗದಲ್ಲಿ ಅಪ್‌ಡೇಟರ್ ಥರದ ಹೆಸರಿನ ಒಂದು ಸಾಲಿತ್ತು. ಪ್ರಕಾಶಕರ ಜಾಗ ಖಾಲಿ, ದಾರಿ ಮಾತ್ರ ಪ್ರೋಗ್ರಾಂಗಳು ತಮ್ಮ ಮಾಹಿತಿ ಇಡುವ ಆ್ಯಪ್‌ಡೇಟಾ ಫೋಲ್ಡರ್‌ನೊಳಗಿನ ಸ್ಕ್ರಿಪ್ಟ್‌ಗೆ. ಪ್ರತಿ ಸಲ ಲಾಗಿನ್ ಆದಾಗಲೂ ಅದು ಓಡಿ, ಸ್ಕ್ಯಾನರ್ ತೆಗೆದದ್ದನ್ನೆಲ್ಲ ಮತ್ತೆ ಇಳಿಸಿಕೊಳ್ಳುತ್ತಿತ್ತು. ನಾನು ಎಲೆ ಕಿತ್ತಿದ್ದೆ, ಬೇರು ಹಾಗೇ ಇತ್ತು. ಕ್ರೋಮ್‌ನ ಮೆನುವಿನಲ್ಲೂ ‘ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂಬರ್ಥದ ಸಾಲು ಕಾಣಿಸಿತು. ಎರಡು ಕಂಪ್ಯೂಟರ್‌ಗಳ ಪ್ರೆಸ್ಸಿಗೆ ಎಲ್ಲಿಯ ಸಂಸ್ಥೆ? ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಪಾಲಿಸಿ (ಕಡ್ಡಾಯ ನಿಯಮ) ಬರೆದು, ಬ್ರೌಸರ್‌ಗೆ ಸೇರಿಕೊಳ್ಳುವ ಪುಟ್ಟ ಪ್ರೋಗ್ರಾಂ ಆದ ಎಕ್ಸ್‌ಟೆನ್ಶನ್ ಅನ್ನು ತೆಗೆಯಲಾಗದಂತೆ ಕೂರಿಸಿದ್ದರು. ರಿಜಿಸ್ಟ್ರಿಯ ಆ ನಮೂದಿನ ಪ್ರತಿ ಉಳಿಸಿಕೊಂಡು ಅದನ್ನು ಅಳಿಸಿದೆ. ಟಾಸ್ಕ್‌ನ ಟಿಕ್ ತೆಗೆದು, ಎರಡು ಸಲ ರೀಸ್ಟಾರ್ಟ್ ಮಾಡಿ, ಪುಟ ಮತ್ತೆ ಬಾರದ್ದು ಖಾತ್ರಿಯಾದ ಮೇಲೆ ಸ್ಕ್ರಿಪ್ಟನ್ನೂ ತೆಗೆದೆ.

ಹಾಗಂತ ಕೈಯಿಂದಲೇ ಎಲ್ಲ ಮಾಡಿ ಅನ್ನಲಾರೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಅದರ ಪೆಟ್ಟೂ ತಿಂದಿದ್ದೇನೆ. ಕೆಲವು ಸ್ಪೈವೇರ್‌ಗಳು ಆಗ ಪ್ರೋಗ್ರಾಂಗಳನ್ನು ಇಂಟರ್ನೆಟ್‌ಗೆ ಜೋಡಿಸುವ ವಿನ್‌ಸಾಕ್ ಸರಪಳಿಯಲ್ಲಿ ಒಂದು ಕೊಂಡಿಯಾಗಿ ಸೇರಿಕೊಳ್ಳುತ್ತಿದ್ದವು. ಫೈಲನ್ನು ಅಳಿಸಿದೆ, ಇಂಟರ್ನೆಟ್ಟೇ ನಿಂತುಹೋಯಿತು. ಎಕ್ಸ್‌ಪಿಯ 2004ರ ದೊಡ್ಡ ಅಪ್‌ಡೇಟ್ ಆದ ಸರ್ವಿಸ್ ಪ್ಯಾಕ್ 2ರೊಂದಿಗೆ ಆ ಸರಪಳಿಯನ್ನು ಮೊದಲಿನಂತೆ ಜೋಡಿಸುವ ಆಜ್ಞೆ ಬಂದ ಮೇಲೆ ಸಲೀಸಾಯಿತು. ಹೈಜ್ಯಾಕ್‌ದಿಸ್ ಎಂಬ ಟೂಲ್ ಬಳಸಿದವರಿಗೆ ನೆನಪಿರಬಹುದು, ಒಳ್ಳೆಯದು ಕೆಟ್ಟದ್ದು ಎನ್ನದೆ ಎಲ್ಲವನ್ನೂ ಪಟ್ಟಿ ಮಾಡುತ್ತಿತ್ತು. ಯಾವುದು ಕಳ್ಳ ಎಂದು ಹೇಳುವ ಹೊಣೆ ನಮ್ಮದೇ.

ಈಗ ನಾನು ಏನನ್ನೂ ತೆಗೆಯುವ ಮೊದಲೇ ಆಟೋರನ್ಸ್ ಪಟ್ಟಿಯನ್ನು ಫೈಲ್ ಮಾಡಿ ಇಡುತ್ತೇನೆ. ಆಮೇಲೆ ಒಂದು ಸ್ಕ್ಯಾನರ್, ಒಂದೇ. ಸಾಲು ಸಾಲು ಓದಿ ಕ್ವಾರಂಟೈನ್ ಮಾಡುತ್ತೇನೆ. ನೂರಾರು ರಿಜಿಸ್ಟ್ರಿ ಚೂರುಗಳನ್ನು ಗುಡಿಸುವುದರಲ್ಲಿ ಯಂತ್ರವೇ ಮೇಲು, ಮನುಷ್ಯನ ಕಣ್ಣು ದಣಿಯುತ್ತದೆ. ರೀಸ್ಟಾರ್ಟ್ ಆದಮೇಲೆ ಹಳೆಯ ಪಟ್ಟಿಯೊಂದಿಗೆ ಹೋಲಿಸಿದರೆ, ಹೋಗಿಲ್ಲದ್ದು, ಮರಳಿ ಬಂದದ್ದು ಸಿಕ್ಕಿಬೀಳುತ್ತದೆ. ಕೈ ಹಾಕುವುದು ಅದಕ್ಕೆ ಮಾತ್ರ. ಒಂದನ್ನು ಕೊಂದರೆ ಇನ್ನೊಂದು ಅದನ್ನು ಎಬ್ಬಿಸುವ ಜೋಡಿ ಪ್ರೋಸೆಸ್‌ಗಳಿದ್ದರೆ, ಮೈಕ್ರೋಸಾಫ್ಟ್‌ನದೇ ಟೂಲ್ ಆದ ಪ್ರೋಸೆಸ್ ಎಕ್ಸ್‌ಪ್ಲೋರರ್‌ನಲ್ಲಿ ಎರಡನ್ನೂ ಮೊದಲು ಸಸ್ಪೆಂಡ್ ಮಾಡಿ (ಓಡದಂತೆ ತಡೆಹಿಡಿದು), ಆಮೇಲೆ ಕೊಲ್ಲಬೇಕು. ವಿಂಡೋಸ್ ಓಡುವಾಗ ಅಡಗಿಕೊಳ್ಳುವ ಜಾತಿಗೆ ವಿಂಡೋಸ್ ಏಳುವ ಮೊದಲೇ ಹುಡುಕುವ, ವಿಂಡೋಸ್ ಜೊತೆಗೇ ಬರುವ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಇದೆ.

ಬ್ಯಾಂಕ್ ವ್ಯವಹಾರ, ಜಿಎಸ್‌ಟಿ ಲಾಗಿನ್ ಇರುವ ಕಂಪ್ಯೂಟರ್‌ನಲ್ಲಿ ಕೀಲಾಗರ್ ಸಿಕ್ಕರೆ ಮಾತ್ರ ನಾನು ಟೂಲನ್ನೂ ನಂಬುವುದಿಲ್ಲ, ನನ್ನ ಕೈಯನ್ನೂ ನಂಬುವುದಿಲ್ಲ. ಡೇಟಾ ಬ್ಯಾಕಪ್ ತೆಗೆದು ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕುತ್ತೇನೆ. “ಅರ್ಧ ದಿನ ಹೋಗುತ್ತಲ್ರೀ” ಎಂದು ಬೇಸರಿಸಿದವರ ಎದುರೂ ಈ ವಿಷಯದಲ್ಲಿ ಸಡಿಲ ಬಿಟ್ಟಿಲ್ಲ. ಪಾಸ್‌ವರ್ಡ್‌ಗಳನ್ನು ಬೇರೆ ಸ್ವಚ್ಛ ಫೋನಿನಿಂದ ಬದಲಿಸಿ, ಎಲ್ಲ ಸಾಧನಗಳಿಂದಲೂ ಲಾಗೌಟ್ ಮಾಡಿಸುತ್ತೇನೆ. ಕದ್ದ ಕುಕೀ (ನಾವು ಲಾಗಿನ್ ಆಗಿದ್ದೇವೆಂದು ಬ್ರೌಸರ್ ಇಟ್ಟುಕೊಳ್ಳುವ ಗುರುತು) ಇದ್ದರೆ ಪಾಸ್‌ವರ್ಡ್ ಇಲ್ಲದೆಯೂ ಒಳಹೊಕ್ಕಬಹುದು. ಹಣವೇ ಹೋಗಿದ್ದರೆ ನನ್ನ ಅಂಗಡಿಗಿಂತ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅನ್ನುತ್ತೇನೆ.

ಪ್ರೆಸ್ಸಿನ ಆ ಟಾಸ್ಕ್ ಹುಟ್ಟಿದ ತಾರೀಖು, ಅವರ ಹುಡುಗ ‘ಫ್ರೀ ಫಾಂಟ್’ ಎಂದು ಒಂದು ಸೆಟಪ್ ಫೈಲ್ ಇಳಿಸಿದ ತಾರೀಖು, ಎರಡೂ ಒಂದೇ ಆಗಿದ್ದವು. ಅಂದಿನಿಂದ ನನ್ನ ಕೈಗೆ ಬರುವ ಪ್ರತಿ ಡಿಟಿಪಿ ಕಂಪ್ಯೂಟರ್‌ನ ಮೈಮೇಲೂ ಒಂದು ಚೀಟಿ ಅಂಟಿಸುತ್ತೇನೆ. ಅವರು ಬಳಸುವ ಕೀಲಿಮಣೆ, ಫಾಂಟ್ ತಂತ್ರಾಂಶಗಳ ಹೆಸರು ಅದರಲ್ಲಿರುತ್ತವೆ. ಸ್ಕ್ಯಾನರ್ ಪಟ್ಟಿ ಬಂದಾಗ ಮೊದಲು ಆ ಚೀಟಿ ನೋಡುತ್ತೇನೆ.